ಸುಟ್ಟರೆ ಸುಡಲಿ ಬಿಡ್ರಿ

ನಮ್ಮ ಕಲಬುರಗಿ ಕಡೆಯ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಸುಣ್ಣದಕಲ್ಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಬೇಯುತ್ತದೆ. ಆ ಉರಿ ಅಳೆಯುವುದು, ಹೆಚ್ಚು ಕಡಿಮೆ ಮಾಡುವುದು ಎಲ್ಲ ಎಲೆಕ್ಟ್ರಾನಿಕ್ಸಿನದೇ ಕಾರಭಾರ. ಆದರೆ ಅಲ್ಲಿನ ಆಡಕಿ ಹಳ್ಳಿಯ ಹುಡುಗನಿಗೆ ಅಲ್ಲಿ ಕಾಣುವ ಬೋರ್ಡು ಒಂದೇ: ಅಪ್ಪಣೆಯಿಲ್ಲದೆ ಒಳಗೆ ಬರಬಾರದು. ಟಿವಿ ರಿಪೇರಿ ಅಂಗಡಿಗೆ ಹೋದರೂ ಸ್ವಾಗತ ಅದೇ ಬಗೆಯದು: “ಏ ತಮ್ಮಾ, ಮುಟ್ಟಬ್ಯಾಡ, ಸುಟ್ಟು ಹೋಗ್ತದ!” ಹೊಸಬರನ್ನು ಎಲೆಕ್ಟ್ರಾನಿಕ್ಸ್ ವಿದ್ಯೆಯಿಂದ ದೂರ ಇಟ್ಟದ್ದು ಅದರ ಕಷ್ಟವಲ್ಲ, ಈ ಹೆದರಿಕೆ ಎಂಬುದು ನನ್ನ ವಾದ.

ಆ ಹೆದರಿಕೆ ಬಿಡಿಸುವುದು ಹೇಗೆಂದು ತಿಳಿಯಲು, 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆರ್ಡುಯಿನೋ ಎಂಬ, ಕೋಡ್ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡನ್ನು ನೋಡಿ. ಹೆಸರು ಅಲ್ಲಿನ ಒಂದು ಬಾರಿನದು. ನಮ್ಮ ಕಡೆಯಾಗಿದ್ದರೆ ಶರಣಬಸವೇಶ್ವರ ಎಂದಿಡುತ್ತಿದ್ದೆವು. ಆ ಬೋರ್ಡನ್ನು ಮಾಡಿದ್ದು ಇಂಜಿನಿಯರರಿಗಲ್ಲ, ವಿನ್ಯಾಸ ಕಲಿಯುವ ಹುಡುಗರಿಗೆ. ಹಾಗಾಗಿ ತಪ್ಪು ಮಾಡುವವರೇ ಬರುತ್ತಾರೆಂದು ಮೊದಲೇ ತಿಳಿದು ಕಟ್ಟಿದಂತಿದೆ. ಅದರ ಊನೋ ಎಂಬ ಮಾದರಿಯಲ್ಲಿ ಯುಎಸ್‌ಬಿ ಕರೆಂಟು ಅರ್ಧ ಆಂಪಿಯರ್ ಮೀರಿದರೆ ಫ್ಯೂಸು ತಾನೇ ಕಡಿಯುತ್ತದೆ, ತಪ್ಪು ತಿದ್ದಿದರೆ ತಾನೇ ಕೂಡಿಕೊಳ್ಳುತ್ತದೆ, ಬೈಯುವುದಿಲ್ಲ. ಯುಎಸ್‌ಬಿ ವೈರು ಬಿಟ್ಟರೆ ಮತ್ತೊಂದು ವೈರೂ ಜೋಡಿಸದೆ ಬೋರ್ಡಿನ ಮೇಲಿನ ಪುಟ್ಟ ದೀಪವನ್ನು ಮಿನುಗಿಸಬಹುದು. ಬೋರ್ಡಿನ ನಕ್ಷೆಯನ್ನು ಎಲ್ಲರ ಮುಂದೆ ಬಯಲಿಗಿಟ್ಟದ್ದರಿಂದ ಅಗ್ಗದ ತದ್ರೂಪಗಳೂ ಬಂದವು.

ಬೆಸುಗೆಯ ಹೊಗೆ ಕುಡಿದು ಕಲಿತ ಹಿರಿಯರು ಒಪ್ಪುವುದಿಲ್ಲ. ಓಮನ ನಿಯಮ ತಿಳಿಯದೆ ಯಾರದೋ ಕೋಡ್ ಕಾಪಿ ಹೊಡೆದರೆ ಅದೂ ಒಂದು ವಿದ್ಯೆಯೇ ಎಂದು ಕೇಳುತ್ತಾರೆ. ಅರ್ಧ ನಿಜ. ದೀಪ ಮಿನುಗಿಸುವಂಥ, 555 ಎಂಬ ಹಳೆಯ ಚಿಪ್ಪು ಸಲೀಸಾಗಿ ಮಾಡುವ ಕೆಲಸಕ್ಕೆ ಊನೋದ ಸೆಕೆಂಡಿಗೆ 1.6 ಕೋಟಿ ಬಡಿತದ ಚಿಪ್ಪನ್ನು ಹಚ್ಚುವುದು, ಒಂದು ಚೀಲ ತೊಗರಿಗೆ ಲಾರಿ ಕರೆಸಿದಂತೆ. ಆದರೆ ಹಾಗೆ ಕಾಪಿ ಹೊಡೆದ ಹುಡುಗನೇ ನಾಳೆ ಎರಡು ಕಡ್ಡಿಯ ಅಗ್ಗದ ತೇವಮಾಪಕವನ್ನು ತೊಗರಿ ಹೊಲದ ಕರಿಮಣ್ಣಿಗೆ ಚುಚ್ಚುತ್ತಾನೆ. ಸದಾ ಕರೆಂಟು ಹರಿದು ಕಡ್ಡಿ ಸವೆಯುತ್ತದೆ. ಒಣ ಮಣ್ಣೋ ಹಸಿ ಮಣ್ಣೋ, ಮಾಪಕ ಬಾಯಿಗೆ ಬಂದದ್ದು ಹೇಳತೊಡಗುತ್ತದೆ. ಆಗ ಅವನು ವಿದ್ಯುದ್ವಿಭಜನೆ ಎಂದರೇನೆಂದು ಕೇಳುತ್ತಾನೆ, ಅಳೆಯುವ ಹೊತ್ತಿಗಷ್ಟೇ ಕರೆಂಟು ಕೊಡಲು ಕಲಿಯುತ್ತಾನೆ, ಓಮನನ್ನು ತಾನೇ ಹುಡುಕಿಕೊಂಡು ಹೋಗುತ್ತಾನೆ. ಪರೀಕ್ಷೆಯ ಭಯಕ್ಕೆ ಓಮನ ಬಳಿ ಹೋದವರು ಎಷ್ಟು ಬೇಗ ಹಿಂದಿರುಗಿದರೆಂಬುದು ಎಲ್ಲರಿಗೂ ಗೊತ್ತು.

ಹಾಗಾದರೆ ಶಾಲೆಗಳಿಗೆ ಇಂಥ ಬೋರ್ಡುಗಳ ಕಿಟ್ಟು ಹಂಚಿದರೆ ಸಾಕೇ? ಸಾಲದು. 2016ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಆಯ್ದ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಟ್ಟಿದೆ. ಆದರೂ, ಒಂದು ಬೋರ್ಡು ಸುಟ್ಟು ಹೋದರೆ ಲೆಕ್ಕಕ್ಕೆ ಏನು ಬರೆಯುವುದೆಂದು ಕಿಟ್ಟನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕುವ ಗುರುಗಳು ಎಲ್ಲಾದರೂ ಇದ್ದರೆ ಅವರಲ್ಲಿ ಒಂದು ಬಿನ್ನಹ: ಸರ್, ಆ ಕೀಲಿ ತೆಗೀರಿ. ಎಷ್ಟೋ ಊನೋಗಳ ದೊಡ್ಡ ಚಿಪ್ಪು ಸಾಕೆಟ್ಟಿನಲ್ಲಿ ಕೂತಿರ್ತದ. ಸುಟ್ಟದ್ದನ್ನು ಕಿತ್ತು ಹೊಸದು ಕೂಡಿಸಲಿಕ್ಕೆ ಬರ್ತದ.