ದನ ಮೂಸದ ಹುಲ್ಲು

ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಗುದ್ದಲಿ ಹಿಡಿದು ನಿಂತವನನ್ನು ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. "ಏನ್ ಸಾರ್, ಏನಾದ್ರೂ ಸಿಕ್ತಾ?" ಎಂದು ಕೇಳಿಯೇ ಹೋಗುತ್ತಾರೆ. ಇಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಸೆಗೆ ಇನ್ನೂ ಯಾರೂ ಬೀಗ ಹಾಕಿಲ್ಲ. ಇಂಥ ಊರಲ್ಲಿ "ಹುಲ್ಲು ನೆಡ್ತಿದ್ದೀನಿ" ಎಂದರೆ ನಂಬುವವರಾದರೂ ಯಾರು?

ನನಗೆ ಮೊದಲು ಹಿಡಿದಿದ್ದು ಲಾನಿನ ಹುಚ್ಚು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ದೊರೆಗಳು ಬಂಗಲೆ, ಕ್ಲಬ್ಬು ಎಂದು ಕಟ್ಟಿಕೊಂಡು ಈ ಊರಿಗೆ ಮಿನಿ ಇಂಗ್ಲೆಂಡ್ ಎಂಬ ಹೆಸರು ತಂದಿದ್ದರಲ್ಲ, ನಾನೂ ಒಂದು ಬೆತ್ತದ ಕುರ್ಚಿ ಹಾಕಿಕೊಂಡು ಹಸಿರಿನ ನಡುವೆ ದೊರೆಯಂತೆ ಕೂರಬೇಕೆಂದಿದ್ದೆ. ಹೆಂಡತಿ ಒಂದೇ ಮಾತಿನಲ್ಲಿ ಮುಗಿಸಿದಳು: "ಲಾನಿಗೆ ನೀರು ಹಾಕಿದ ದಿನ ನಿಮಗೆ ಸ್ನಾನ ಇಲ್ಲ ರೀ. ಯಾವುದು ಬೇಕೋ ಆರಿಸ್ಕೊಳ್ಳಿ." ಅವಳ ಮಾತು ತೆಗೆದುಹಾಕುವಂತಿರಲಿಲ್ಲ. ಶಿವನಸಮುದ್ರದಿಂದ ಈ ಊರಿಗೆ ಕರೆಂಟು 1902ರಲ್ಲೇ ಬಂತು. ನಮ್ಮ ಬೀದಿಗೆ ನೀರು ಮಾತ್ರ ಇನ್ನೂ ಟ್ಯಾಂಕರಿನವನ ಮನಸ್ಸು ಬಂದಾಗ ಬರುತ್ತದೆ.

ಹಾಗಾಗಿ ನೀರು ಕೇಳದ ನಮ್ಮದೇ ನೆಲದ ಹುಲ್ಲು, ಲಾವಂಚಕ್ಕೆ ಬಂದೆ. ಗುಂಡ್ಲುಪೇಟೆ ಕಡೆಯ ರೈತರು ಇದನ್ನು ತಲೆಮಾರುಗಳಿಂದ ಹೊಲದ ಬದುವಿಗೆ ನೆಡುತ್ತಿದ್ದಾರೆ. ಮಳೆ ನೀರು ಹರಿದರೂ ಮಣ್ಣು ಹೋಗದಂತೆ ಅದು ತಡೆದು ನಿಲ್ಲಿಸುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಈ ವಿದ್ಯೆಯನ್ನು ಬೇರೆ ದೇಶಗಳಿಗೆಲ್ಲ ಸಾರಿದರು. "ವಿಶ್ವಬ್ಯಾಂಕೇ ಮೆಚ್ಚಿದ ಹುಲ್ಲು ಕಣೇ" ಎಂದೆ. "ಹೌದಾ? ಸಾಲ ಎಷ್ಟು ಕೊಡ್ತಾರಂತೆ?" ಎಂದಳು.

ಬುಡ ಸೀಳಿ, ಬೇರು ಸಮೇತ ತೆಂಡೆ ಬಿಡಿಸಿ, ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿ, ಮುಂಗಾರು ಶುರುವಾಗುತ್ತಿದ್ದಂತೆ ಕಾಂಪೌಂಡಿನ ಉದ್ದಕ್ಕೂ ಅರ್ಧ ಅಡಿಗೊಂದರಂತೆ ನೆಟ್ಟೆ. ನೆಲವೋ, ಹಾರೆ ಹಾಕಿದರೆ ಕಿಡಿ ಹಾರುವಂಥ ಗರಸು. ಲಾವಂಚದ ಗರಿಯ ಅಂಚು ಬೆರಳು ಕುಯ್ಯುತ್ತದೆ ಎಂಬ ಜ್ಞಾನೋದಯವೂ ಆಗಲೇ ಆಯಿತು. ಮೊದಲ ಮಳೆಗಾಲದಲ್ಲಿ ಬೇರು ಹಿಡಿಯುವ ತನಕ ಒಂದಿಷ್ಟು ನೀರು ಕೊಟ್ಟೆ, ಅಷ್ಟೇ. ಮುಂದಿನ ಬೇಸಿಗೆಯಲ್ಲಿ ಹೆಂಡತಿಯ ದಾಸವಾಳ ತಲೆ ಜೋಲು ಹಾಕಿದಾಗಲೂ ನನ್ನ ಹುಲ್ಲು ಎದೆಯುದ್ದ ನಿಂತಿತ್ತು. ನಾನೂ ಅದರ ಪಕ್ಕ ಎದೆಯುಬ್ಬಿಸಿ ನಿಂತೆ.

ಮೆಚ್ಚುವವರು ಮಾತ್ರ ಸಿಗಲಿಲ್ಲ. ಬಂಗಾರಪೇಟೆಯಿಂದ ಬಂದ ಭಾವಮೈದ ಗೇಟಿನಲ್ಲೇ ನಿಂತು, "ಏನು ಭಾವ, ಕಳೆ ಕೀಳೋಕೆ ಆಳು ಸಿಗಲಿಲ್ವಾ?" ಎಂದ. ಬೀದಿಯ ದನವೊಂದು ಒಳಗೆ ನುಗ್ಗಿ, ಬಲಿತ ಗರಿಯನ್ನು ಮೂಸಿ, ನನ್ನ ಮುಖ ನೋಡಿ, ದಾಸವಾಳ ತಿಂದು ಹೋಯಿತು. "ದನಾನೂ ಮೂಸಿ ಬಿಟ್ಟುಹೋಗೋ ಹುಲ್ಲಿಗೆ ಉಪಚಾರ ಮಾಡೋ ಗಂಡಸು ಇಡೀ ಕೆಜಿಎಫ್‌ನಲ್ಲಿ ಇವರೊಬ್ಬರೇ" ಎಂಬ ಬಿರುದು ಅಂದಿನಿಂದ ನನಗೆ ಖಾಯಂ ಆಯಿತು. ಗಣಿಯ ಪುಡಿಮಣ್ಣು ರಾಶಿಬಿದ್ದ ಸೈನೈಡ್ ಗುಡ್ಡದ ದೂಳಿಗೆ ಇದು ತಡೆ ಎಂದು ವಾದಿಸಿ ನೋಡಿದೆ. ಗಾಳಿ ಎದ್ದ ದಿನ ದೂಳು ಹುಲ್ಲಿನ ಮೇಲೂ ಕೂತಿತು, ಶೋಕೇಸಿನ ಮೇಲೂ ಕೂತಿತು. ಶೋಕೇಸು ಒರೆಸುವ ಕೆಲಸ ನನ್ನ ಪಾಲಿಗೆ ಬಂತು.

ಕೊನೆಗೆ ಅಪ್ಪನ ಮೊರೆಹೊಕ್ಕೆ. "ಅಪ್ಪಾ, ಇದರ ಬೇರು ಹತ್ತು ಅಡಿ ಆಳಕ್ಕೆ ಇಳಿಯುತ್ತೆ, ಗೊತ್ತಾ?" ಚಾಂಪಿಯನ್ ಗಣಿಯಲ್ಲಿ ಜೀವ ಸವೆಸಿದ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಈ ಗಣಿ ಮೂರು ಕಿಲೋಮೀಟರ್ ದಾಟಿ ಇಳಿದಿತ್ತು ಕಣೋ. ನಾನು ಅದರೊಳಗೆ ಹೋಗಿ ಬಂದರೂ ಮನೇಲಿ ಇಷ್ಟು ಭಾಷಣ ಮಾಡಲಿಲ್ಲ."

ಅತ್ತೆ ಬಂದ ಮೇಲೆ ಕಥೆಯೇ ಬದಲಾಯಿತು. "ಅಳಿಯಂದಿರೇ, ಇದು ಲಾವಂಚ ಅಲ್ವೇ? ಮಡಕೆ ನೀರಿಗೆ ಹಾಕೋ ಬೇರು!" ಎಂದು ಉದ್ಗರಿಸಿದರು. ನಾನು ತಲೆಯಾಡಿಸುವಷ್ಟರಲ್ಲಿ ಹಾರೆ ಹೊರಬಂದಿತ್ತು. ಪೇಪರು ಬಿಟ್ಟೆದ್ದ ಅಪ್ಪ, ಹಳೇ ಉತ್ಸಾಹದಲ್ಲಿ ಪಂಚೆ ಎತ್ತಿಕಟ್ಟಿ, "ಆ ಕಡೆಯಿಂದ ಹಾಕಿ, ಬುಡ ಸಡಿಲಾಗುತ್ತೆ" ಎಂದು ಮೇಸ್ತ್ರಿಗಿರಿಗೆ ನಿಂತರು. ಒಂದು ಬುಡ ಮೇಲೆ ಬಂತು. ಮಣ್ಣು ತೊಳೆದರೆ ಕಂದು ಬಣ್ಣದ ನವಿರು ಬೇರು, ವರಾಂಡವೆಲ್ಲ ಘಮ್ಮೆಂದಿತು. "ಕೊನೆಕೊನೆಗೆ ನಾವು ಒಂದು ಟನ್ ಕಲ್ಲು ಪುಡಿ ಮಾಡಿದರೆ ಮೂರು-ನಾಲ್ಕು ಗ್ರಾಂ ಚಿನ್ನ. ಇದೇ ವಾಸಿ" ಎಂದು ಅಪ್ಪ ತೀರ್ಪು ಕೊಟ್ಟರು. ಹೆಂಡತಿ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಮಡಕೆಗೆ ಇಳಿಬಿಟ್ಟಳು. ನನಗೂ ಒಂದು ಲೋಟ ಸಿಕ್ಕಿತು. ಬಿರುದು ವಾಪಸಾಯಿತು, ಬೇಲಿಯ ಸಾಲಿನಲ್ಲಿ ಹಲ್ಲು ಬಿದ್ದಂತೆ ಒಂದು ಕಿಂಡಿಯೂ ಆಯಿತು. ಈಗ ಮನೆಯವರೆಲ್ಲ ಮಿಕ್ಕ ಬುಡಗಳನ್ನು ಪ್ರೀತಿಯಿಂದ ನೋಡುತ್ತಿದ್ದಾರೆ. ಆ ಪ್ರೀತಿಯೇ ನನಗೆ ಭಯ.

ಆದ್ದರಿಂದ ಬರದ ನಾಡಿನ ಓದುಗರೇ, ಲಾವಂಚ ಧಾರಾಳವಾಗಿ ನೆಡಿ. ಗೊಬ್ಬರ ಬೇಡ, ಆರೈಕೆ ಬೇಡ. ವರ್ಷಕ್ಕೊಂದೆರಡು ಸಲ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಸಾಕು. ಬರೀ ಚಂದಕ್ಕೆ ಎಂದೇ ಎಲ್ಲರಿಗೂ ಹೇಳಿ. ಬೇರಿನ ವಿಷಯ ಮಾತ್ರ ಅತ್ತೆಯ ಕಿವಿಗೆ ಬೀಳದಿರಲಿ.