ಎಡವೋ ಬಲವೋ?

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇವನೊಬ್ಬ ಸಿಗುತ್ತಾನೆ. ಓದಿದ್ದು ಬಿ.ಎಸ್ಸಿ.ಯೋ ಬಿ.ಫಾರ್ಮೋ, ಕೆಲಸ ಮೆಡಿಕಲ್ ಕೋಡಿಂಗ್. ಟೆಕ್ಸಾಸಿನಲ್ಲಿ ಯಾರಿಗೋ ನಾಯಿ ಕಚ್ಚುತ್ತದೆ. ಅಲ್ಲಿನ ಡಾಕ್ಟರು ಬರೆದ ಚಾರ್ಟು ಇವನ ಕಂಪ್ಯೂಟರಿಗೆ ಬರುತ್ತದೆ. ಇವನು ಕೋಡ್ ಹಾಕಿದ ಮೇಲೇ ಬಿಲ್ಲು ವಿಮಾ ಕಂಪನಿಯ ಬಾಗಿಲಿಗೆ ಹೋಗುವುದು. ಅವನ ತಾಯಿ ನೆಂಟರಿಗೆಲ್ಲ "ಮಗ ಅಮೆರಿಕದ ಆಸ್ಪತ್ರೇದು ನೋಡ್ಕೋತಾನೆ" ಎನ್ನುತ್ತಾರೆ. ಅರ್ಧ ಕೇಳಿಸಿಕೊಂಡವರು "ಅಯ್ಯೋ, ಏನಾಯ್ತಂತೆ?" ಎನ್ನುತ್ತಾರೆ.

ಯಾರಿಗಾದರೂ ಭುಜಕ್ಕೆ ನಾಯಿ ಕಚ್ಚಿತೆಂದರೆ ನಾವು ನೀವು "ಪಾಪ" ಎನ್ನುತ್ತೇವೆ. ಇವನು "ಎಡವೋ ಬಲವೋ?" ಎನ್ನುತ್ತಾನೆ. ಬಲವಾದರೆ ಎಸ್41.051, ಎಡವಾದರೆ 052. ಡಾಕ್ಟರು ಯಾವ ಭುಜ ಅಂತ ಬರೆಯದಿದ್ದರೆ 059; ಆ ಒಂಬತ್ತನ್ನು ಒತ್ತುವಾಗ ಅವನ ಮುಖ ನೋಡಲಾಗದು. ಅದೂ ಚರ್ಮ ಹರಿದಿದ್ದರೆ ಮಾತ್ರ. ಬರೀ ಹಲ್ಲಿನ ಗುರುತಾದರೆ ಎಸ್40.27ರ ಸಂಸಾರಕ್ಕೆ ಸೇರಬೇಕು. ಕೊನೆಗೊಂದು ಅಕ್ಷರ ಬೇರೆ: ಗಾಯಕ್ಕೆ ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲ ಎ, ಮಾಗುವಾಗಿನ ಭೇಟಿಗೆ ಡಿ, ಮುಂದೆ ತೊಂದರೆ ಉಳಿದುಕೊಂಡರೆ ಎಸ್. ಎ ಅಂದರೆ ಮೊದಲ ಭೇಟಿ ಎಂದುಕೊಂಡ ಹೊಸಬರನ್ನು ತಿದ್ದದಿದ್ದರೆ ಅವನಿಗೆ ಊಟ ಸೇರದು. ನಮ್ಮೂರ ಡಾಕ್ಟರು ಚೀಟಿಯಲ್ಲಿ 'ನಾಯಿ ಕಡಿತ' ಎಂದಷ್ಟೇ ಗೀಚಿದ್ದನ್ನು ಕಂಡಾಗಲಂತೂ ನಾಯಿಗಿಂತ ಡಾಕ್ಟರ ಮೇಲೇ ಅವನಿಗೆ ಸಿಟ್ಟು.

ಕಚ್ಚಿದ್ದು ಯಾರು ಎಂಬುದಕ್ಕೂ ನಂಬರಿದೆ. ನಾಯಿಗೆ ಡಬ್ಲ್ಯು54.0, ಹಸುವಿಗೆ ಡಬ್ಲ್ಯು55.21, ಅಳಿಲು, ಗಿಳಿ, ಸಮುದ್ರಸಿಂಹಕ್ಕೂ ಒಂದೊಂದು. 2015ರ ಅಕ್ಟೋಬರಿನಿಂದ ಅಮೆರಿಕ ಈ ಪಟ್ಟಿಯಲ್ಲೇ ಲೆಕ್ಕ ಬರೆಯುತ್ತಿದೆ. ತಾರಸಿಯಲ್ಲಿ ಹಪ್ಪಳ ಕಾಯುತ್ತಿದ್ದ ಸೋದರತ್ತೆಯ ಭುಜಕ್ಕೆ ಕೋತಿ ಬಾಯಿ ಹಾಕಿದ ದಿನ ಮನೆಯವರೆಲ್ಲ ಸೋಪು, ನೀರು ಅಂತ ಓಡಾಡುತ್ತಿದ್ದರೆ, ಇವನು ಫೋನಿನಲ್ಲಿ ಪಟ್ಟಿ ತಡಕಿ ದಂಗಾಗಿ ನಿಂತ. ಕೋತಿಗೆ ಸ್ವಂತ ನಂಬರಿಲ್ಲ! 'ಇತರ ಸಸ್ತನಿಗಳು' ಎಂಬ ಛತ್ರದಲ್ಲಿ ಡಬ್ಲ್ಯು55.81.

"ನೋಡತ್ತೆ, ಗಿಳಿಗಿದೆ, ಆಂಜನೇಯನಿಗಿಲ್ಲ!"

"ಲೋ, ಆಟೋ ಕರಿಯೋ ಮೊದ್ಲು!"

ಮನುಷ್ಯರು ಕಚ್ಚಿದರೆ ಇನ್ನೂ ಕಷ್ಟ, ಮನಸ್ಸನ್ನೂ ವಿಚಾರಿಸಬೇಕು. ಆಕಸ್ಮಿಕವಾದರೆ ಡಬ್ಲ್ಯು50.3, ಬೇಕೆಂದೇ ಕಚ್ಚಿದರೆ ವೈ04.1, ಅಂದರೆ ಹಲ್ಲೆ. ಮೊನ್ನೆ ಎತ್ತಿಕೊಂಡಿದ್ದ ಅಕ್ಕನ ಮಗು ಇವನ ಭುಜವನ್ನೇ ಕಚ್ಚಿತು. ನೋವು ನುಂಗಿಕೊಂಡು ವಿಚಾರಣೆ ಶುರುಮಾಡಿದ: "ಬೇಕಂತ ಕಚ್ಚಿದ್ಯಾ ಪುಟ್ಟಾ?"

"ಹೂಂ."

"ಗೊತ್ತಿಲ್ದೆ ಕಚ್ಚಿದ್ಯಾ?"

"ಹೂಂ."

"ಅಕ್ಕಾ, ಹೇಳಿಕೆ ಸ್ಪಷ್ಟವಾಗಿಲ್ಲ. ಕ್ವೆರಿ ಹಾಕ್ಬೇಕಾಗುತ್ತೆ" ಎಂದ.

"ಕ್ವೆರಿ ಯಾಕೋ? ಇನ್ನೊಂದು ಭುಜಾನೂ ಕೊಡು, ಖಾತ್ರಿಯಾಗುತ್ತೆ" ಎಂದಳು ಅಕ್ಕ.