ಅಭಿಮತದ್ರವ್ಯಮೀಮಾಂಸೆ

ಪ್ರಾಚೀನ ಗ್ರೀಕರ ನಗರರಾಜ್ಯಗಳನ್ನು ಕುರಿತು ಬರೆದವರೆಲ್ಲ ಅವು ಏನನ್ನು ನಿರ್ಣಯಿಸಿದವು ಎಂಬುದರಲ್ಲೇ ಮುಳುಗಿಹೋದರು. ಆ ನಿರ್ಣಯ ಯಾವ ದ್ರವ್ಯದಿಂದ ಆಗಿತ್ತು ಎಂಬ ಮೂಲಪ್ರಶ್ನೆ ಅನಾಥವಾಗಿಯೇ ಉಳಿಯಿತು. ಅರಿಸ್ಟಾಟಲನ ಪಾಠಶಾಲೆಯಲ್ಲಿ 158 ರಾಜ್ಯಗಳ ಸಂವಿಧಾನಗಳನ್ನು ಸಂಗ್ರಹಿಸಿದ್ದರೆಂದು ಪ್ರತೀತಿ. ಅವುಗಳಲ್ಲಿ ಹೆಚ್ಚುಕಡಿಮೆ ಇಡಿಯಾಗಿ ನಮ್ಮ ಕೈಸೇರಿದ್ದು ಅಥೆನ್ಸಿನದೊಂದೇ. ಅದೂ ಈಜಿಪ್ಟಿನ ಪಪೈರಸ್ ಸುರುಳಿಗಳಿಂದ, 1891ರಲ್ಲಿ ಅಚ್ಚಾಗಿ. ಉಳಿದವು ನಷ್ಟವಾದದ್ದು ಈ ನೂತನ ಶಾಸ್ತ್ರಕ್ಕೆ ಒಂದು ಬಗೆಯ ಉಪಕಾರವೇ ಸರಿ, ವರ್ಗಗಳು ಮಿತಿಮೀರಲಿಲ್ಲ.

ಲಕ್ಷಣ: ಪೌರನ ಅಂತಃಕರಣದಿಂದ ಹೊರಬಿದ್ದು ಗಣನೆಗೆ ಯೋಗ್ಯವಾದ ರೂಪವನ್ನು ತಳೆದದ್ದು ಅಭಿಮತ. ‘ಹೊರಬಿದ್ದು’ ಎಂಬ ಪದವನ್ನು ಬಿಟ್ಟರೆ ಮನೆಯಲ್ಲಿ ಕುಳಿತು ಒಳಗೊಳಗೇ ಕುದಿಯುವವನಲ್ಲಿ ಅತಿವ್ಯಾಪ್ತಿ. ‘ಗಣನೆಗೆ ಯೋಗ್ಯ’ ಎಂಬುದನ್ನು ಬಿಟ್ಟರೆ ಸಂತೆಯ ಗದ್ದಲದಲ್ಲಿ ಅತಿವ್ಯಾಪ್ತಿ. ಸ್ಪಾರ್ಟಾದವರು ಎಣಿಸುತ್ತಲೇ ಇರಲಿಲ್ಲವಾದ್ದರಿಂದ ಅಲ್ಲಿ ಅವ್ಯಾಪ್ತಿದೋಷ ಬರುತ್ತದೆ. ಅದರ ಪರಿಹಾರಕ್ಕಾಗಿ ‘ಗಣನೆಗೆ ಅಥವಾ ಮಾಪನಕ್ಕೆ’ ಎಂದು ಓದತಕ್ಕದ್ದು.

1. ಆಕಾಶೀಯ. ಶಬ್ದವು ಆಕಾಶದ ಗುಣ. ಅದು ವರ್ಣಾತ್ಮಕ, ಧ್ವನ್ಯಾತ್ಮಕ ಎಂದು ದ್ವಿವಿಧ. ಸ್ಪಾರ್ಟಾದ ಅಭಿಮತ ಶುದ್ಧ ಧ್ವನ್ಯಾತ್ಮಕ. ಅಲ್ಲಿನ ಗೆರೂಸಿಯಾ ಎಂಬ ವೃದ್ಧಸಭೆಗೆ ಇಬ್ಬರು ರಾಜರ ಜೊತೆ 60 ದಾಟಿದ 28 ಹಿರಿಯರು ಬೇಕು. ಸ್ಥಾನ ತೆರವಾದಾಗ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಸಭೆಯ ನಡುವೆ ಮೌನವಾಗಿ ಹಾದುಹೋಗುತ್ತಿದ್ದರು, ಜನ ಕೂಗುತ್ತಿದ್ದರು. ಪಕ್ಕದ ಮುಚ್ಚಿದ ಕೊಠಡಿಯಲ್ಲಿ ಕುಳಿತ ನಿರ್ಣಾಯಕರು, ಹೋದವನು ಯಾರೆಂದು ಕಾಣದೆ, ಎಷ್ಟನೆಯ ಕೂಗು ಎಷ್ಟು ಜೋರು ಎಂದು ಮಾತ್ರ ಹಲಗೆಯ ಮೇಲೆ ಗುರುತಿಸುತ್ತಿದ್ದರು. ಅರಿಸ್ಟಾಟಲ್ ಇದನ್ನು ಬಾಲಿಶವೆಂದ. ಮಂದ್ರ, ಮಧ್ಯ, ತಾರ ಎಂಬ ಉಪಭೇದಗಳನ್ನು ಆತ ಪರಿಗಣಿಸಿದಂತೆ ಕಾಣುವುದಿಲ್ಲ. ಕ್ರಿ.ಪೂ. 432ರಲ್ಲಿ ಯುದ್ಧದ ಪ್ರಶ್ನೆ ಬಂದಾಗ ಎಫೋರ ಎಂಬ ಅಧಿಕಾರಿಯಾಗಿದ್ದ ಸ್ಥೆನೆಲೈದಾಸ್, ಯಾವ ಕೂಗು ದೊಡ್ಡದೆಂದು ತಿಳಿಯುತ್ತಿಲ್ಲವೆಂದು ಹೇಳಿ ಜನರು ಎರಡು ಕಡೆ ಹೋಗಿ ನಿಲ್ಲುವಂತೆ ಮಾಡಿದ. ಇಲ್ಲಿ ಗುಣವಾದ ಶಬ್ದವು ಗಮನವೆಂಬ ಕರ್ಮದಲ್ಲಿ ಲಯವಾಯಿತು. ಇದಕ್ಕೆ ಸಂಕರವೆಂದು ಹೆಸರು.

2. ಉತ್ಕ್ಷೇಪಣರೂಪ. ಊರ್ಧ್ವದೇಶಸಂಯೋಗಕ್ಕೆ ಹೇತುವಾದ ಹಸ್ತಕ್ರಿಯೆ, ಅರ್ಥಾತ್ ಕೈ ಎತ್ತುವುದು. ಇದಕ್ಕೆ ಬೆಳಕು ಸಹಕಾರಿಕಾರಣ. ಕ್ರಿ.ಪೂ. 406ರಲ್ಲಿ ಆರ್ಗಿನೂಸೇ ಯುದ್ಧದ ಸೇನಾನಿಗಳ ವಿಚಾರ ಅಥೆನ್ಸಿನ ಸಭೆಗೆ ಬಂದಾಗ ಹೊತ್ತು ಮುಳುಗಿತ್ತು, ಕೈಗಳು ಕಾಣುವಂತಿರಲಿಲ್ಲ, ಸಭೆಯನ್ನು ಮುಂದೂಡಿದರು. ಆದ್ದರಿಂದ ಉತ್ಕ್ಷೇಪಣದ ರಾತ್ರಿಭೇದ ಅಸಿದ್ಧ. ಮುಂದಿನ ಸಭೆಯಲ್ಲಿ ಆ ಕೊರತೆ ದಾಖಲಾಗಿಲ್ಲ. ಊರಿನಲ್ಲಿದ್ದ ಆರು ಸೇನಾನಿಗಳಿಗೆ ಮರಣದಂಡನೆಯಾಯಿತು.

3. ಪಾರ್ಥಿವ. ಇದು ಮೃಣ್ಮಯ, ಪರ್ಣಮಯ ಎಂದು ಎರಡು ವಿಧ.

3(ಅ). ಮೃಣ್ಮಯ. ಅಥೆನ್ಸಿನಲ್ಲಿ ಒಡೆದ ಮಡಕೆಯ ಬೋಕಿಯ ಮೇಲೆ ಹೆಸರು ಗೀಚಿ ಒಬ್ಬನನ್ನು 10 ವರ್ಷ ಊರು ಬಿಡಿಸುವ ಪದ್ಧತಿ; ಪ್ರಥಮ ಪ್ರಯೋಗ ಕ್ರಿ.ಪೂ. 487. ಆಸ್ತಿಗೆ ಧಕ್ಕೆಯಿಲ್ಲ. ಸಂಖ್ಯಾನಿಯಮ: ಕನಿಷ್ಠ 6000 ಬೋಕಿಗಳು. ಘಟದ ಪ್ರಧ್ವಂಸವೇ ಇಲ್ಲಿ ಅಭಿಮತದ ಉತ್ಪತ್ತಿಗೆ ಕಾರಣವೆಂಬುದನ್ನು ಗಮನಿಸಬೇಕು. ನಮ್ಮ ನೈಯಾಯಿಕರು ಶತಮಾನಗಳ ಕಾಲ ಘಟವನ್ನೇ ಹಿಡಿದು ವಾದಿಸಿದರೂ ಈ ವಿನಿಯೋಗ ಅವರಿಗೆ ಹೊಳೆಯಲಿಲ್ಲ. ಲೇಖಕಭೇದದಿಂದ ಮೂರು ಒಳಬಗೆಗಳು. ಸ್ವಹಸ್ತ ಸ್ಪಷ್ಟವೇ ಇದೆ. ಪರಹಸ್ತಕ್ಕೆ ಉದಾಹರಣೆ: ಅಕ್ಷರ ಬಾರದ ಹಳ್ಳಿಗನೊಬ್ಬ ಬೋಕಿಯನ್ನು ಪಕ್ಕದವನ ಕೈಗಿತ್ತು ‘ಅರಿಸ್ಟೈಡೀಸ್’ ಎಂದು ಬರೆದುಕೊಡಲು ಕೇಳಿದ, ಪಕ್ಕದವನೇ ಅರಿಸ್ಟೈಡೀಸ್. ಅವನಿಂದ ನಿನಗೇನು ತೊಂದರೆಯಾಯಿತೆಂದು ವಿಚಾರಿಸಿದರೆ, ಅವನನ್ನು ‘ನ್ಯಾಯವಂತ’ ಎಂದು ಎಲ್ಲರೂ ಕರೆಯುವುದನ್ನು ಕೇಳಿ ಕೇಳಿ ಸಾಕಾಗಿದೆ ಎಂದನಂತೆ. ಪ್ಲೂಟಾರ್ಕನ ಪ್ರಕಾರ ಅರಿಸ್ಟೈಡೀಸ್ ಮರುಮಾತಾಡದೆ ಬರೆದುಕೊಟ್ಟ. ಇಲ್ಲಿ ಲೇಖಕನೂ ಲೇಖ್ಯನೂ ಒಬ್ಬನೇ ಆದರೂ ಅಭಿಮತ ಹಳ್ಳಿಗನದೇ. ಮೂರನೆಯದು ಪೂರ್ವಲಿಖಿತ: ಆಕ್ರೊಪೊಲಿಸ್ ಬೆಟ್ಟದ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಥೆಮಿಸ್ಟೊಕ್ಲೀಸನ ಹೆಸರಿನ ಸುಮಾರು 190 ಬೋಕಿಗಳು ಸಿಕ್ಕಿವೆ, ಕೈಬರಹಗಳು ಹದಿನಾಲ್ಕರ ಆಸುಪಾಸು. ಇವು ಅಂತಃಕರಣಕ್ಕಿಂತ ಮೊದಲೇ ಹುಟ್ಟಿದ ಅಭಿಮತಗಳು.

3(ಆ). ಪರ್ಣಮಯ. ಸಿರಾಕ್ಯೂಸ್‌ನಲ್ಲಿ ಕ್ರಿ.ಪೂ. 454ರ ಸುಮಾರಿಗೆ ಇದೇ ಕಾರ್ಯಕ್ಕೆ ಆಲಿವ್ ಎಲೆ; ಅವಧಿ 5 ವರ್ಷ. ಸುಟ್ಟ ಮಣ್ಣಿಗೆ ಹತ್ತು, ಹಸಿ ಎಲೆಗೆ ಐದು: ದ್ರವ್ಯದ ಕಾಠಿನ್ಯ ಹೆಚ್ಚಿದಂತೆ ಬಹಿಷ್ಕಾರದ ಅವಧಿಯೂ ಹೆಚ್ಚುತ್ತದೆಂಬ ನಿಯಮ ಇದರಿಂದ ಸಿದ್ಧ. ಗ್ರೀಕರು ಅಮೃತಶಿಲೆಯನ್ನು ಬಳಸದೆ ಉಳಿದದ್ದು ವಿವೇಕ. ಯೋಗ್ಯರೆಲ್ಲ ಎಲೆಗೆ ಹೆದರಿ ಸಾರ್ವಜನಿಕ ಜೀವನದಿಂದ ಹಿಂದೆ ಸರಿದದ್ದರಿಂದ ಈ ಕಾನೂನನ್ನು ಬೇಗನೇ ರದ್ದುಮಾಡಿದರು.

4. ತೈಜಸ. ಗಣಿಯಲ್ಲಿ ಹುಟ್ಟಿದ ಲೋಹ ತೇಜಸ್ಸಿನ ಭೇದವೆಂಬುದು ತರ್ಕಸಂಗ್ರಹ ಓದಿದವರಿಗೆ ಗೊತ್ತೇ ಇದೆ. ಕ್ರಿ.ಪೂ. ನಾಲ್ಕನೆಯ ಶತಮಾನದ ಅಥೆನ್ಸಿನ ನ್ಯಾಯಮಂಡಲಿಯಲ್ಲಿ ಪ್ರತಿ ಸದಸ್ಯನಿಗೂ ಎರಡು ಕಂಚಿನ ಬಿಲ್ಲೆಗಳು, ಎರಡಕ್ಕೂ ನಡುವೆ ಗಿಡ್ಡ ಅಚ್ಚು. ಅಚ್ಚು ಟೊಳ್ಳಾದದ್ದು ವಾದಿಗೆ, ಗಟ್ಟಿಯಾದದ್ದು ಪ್ರತಿವಾದಿಗೆ. ಅಚ್ಚಿನ ತುದಿಗಳನ್ನು ಹೆಬ್ಬೆರಳು ತೋರುಬೆರಳುಗಳಿಂದ ಒತ್ತಿ ಹಿಡಿದರೆ ಟೊಳ್ಳು ಗಟ್ಟಿಗಳ ಭೇದ ಅನ್ಯರಿಗೆ ಅಗೋಚರ. ಬೇಕಾದದ್ದನ್ನು ಕಂಚಿನ ಪಾತ್ರೆಗೆ, ಬೇಡವಾದದ್ದನ್ನು ಮರದ ಪಾತ್ರೆಗೆ ಹಾಕಬೇಕು. ರಹಸ್ಯಮತದಾನದ ಸಮಸ್ತ ತತ್ತ್ವವೂ ಹೀಗೆ ಎರಡು ಬೆರಳುಗಳಲ್ಲಿ ಅಧಿಷ್ಠಿತ.

5. ಆಪ್ಯ. ಜಲಗಡಿಯಾರದ ನೀರು ಅಭಿಮತವಲ್ಲ, ಅದಕ್ಕೆ ಮುಂಚಿನ ಭಾಷಣಗಳ ನಿಯಾಮಕ ಮಾತ್ರ. ಅಥೆನ್ಸಿನಲ್ಲಿ ದೊರೆತ ಪಾತ್ರೆ ಸುಮಾರು 6.4 ಲೀಟರಿನದು, ಆರು ನಿಮಿಷಗಳಲ್ಲಿ ಬರಿದಾಗುತ್ತದೆ.

6. ವಾಯವೀಯ. ಉದಾಹರಣೆ ದೊರೆತಿಲ್ಲ. ಶಾಸ್ತ್ರಸೌಷ್ಠವಾರ್ಥವಾಗಿ ಸ್ಥಾನವನ್ನು ಕಾದಿರಿಸಿದೆ.

7. ಅಭಾವರೂಪ. ಮತದ ಅತ್ಯಂತಾಭಾವ. ಉಪಭೇದಗಳು ಮೂರು: ಸ್ತ್ರೀಯರು, ನೆಲೆಸಿದ ಪರದೇಶೀಯರು, ದಾಸರು. ಅಥೆನ್ಸಿನ ಜನಸಂಖ್ಯೆಯಲ್ಲಿ ಇದೇ ಬೃಹತ್ತಮ ವರ್ಗ. ಇದಕ್ಕೆ ಬೋಕಿ, ಎಲೆ, ಕಂಚು ಯಾವುದೂ ಬೇಕಿಲ್ಲದ್ದರಿಂದ ಉತ್ಖನನದಲ್ಲಿ ಮಾದರಿಗಳು ಸಿಗುವುದಿಲ್ಲ. ಬಿಡುಗಡೆಯಾದ ದಾಸ ಮೂರನೆಯ ಉಪಭೇದದಿಂದ ಎರಡನೆಯದಕ್ಕೆ ಸರಿಯುತ್ತಾನೆಯೇ ಹೊರತು ವರ್ಗದಿಂದ ಹೊರಬೀಳುವುದಿಲ್ಲ, ಲಕ್ಷಣಕ್ಕೆ ಬಾಧೆಯಿಲ್ಲ. ದಾಸನಾಗಿದ್ದು ಲೇವಾದೇವಿಯಲ್ಲಿ ಸಿರಿವಂತನಾದ ಪಾಸಿಯೋನ್ ನಗರಕ್ಕೆ 1000 ಗುರಾಣಿಗಳನ್ನು ದಾನವಿತ್ತವನು, ಪೌರತ್ವವನ್ನೂ ಪಡೆದ ಎಂದು ಪೂರ್ವಪಕ್ಷಿ ಆಕ್ಷೇಪಿಸಿದರೆ, ಅವನದು ಅತ್ಯಂತಾಭಾವವಲ್ಲ, ಪ್ರಾಗಭಾವವೆಂದೂ ಅದರ ಪರಿಮಾಣ 1000 ಗುರಾಣಿಗಳಿಗೆ ಕಡಿಮೆಯಿಲ್ಲವೆಂದೂ ತಿಳಿಯತಕ್ಕದ್ದು.